ಮಗ್ಗ ನಿಂತರೆ ಏಳುವ ಹುಡುಗಿ

ನಮ್ಮ ಶಾಲೆಗೆ ರೋಗಗಳು ಬಂದದ್ದು ಈ ವರ್ಷದ ಜೂನ್ ತಿಂಗಳಲ್ಲಿ. ಅದಕ್ಕೂ ಮೊದಲು ಅಲ್ಲಿ ಇದ್ದವರು ಬರೀ ಹುಡುಗರು, ಹುಡುಗಿಯರು. ಕೆಲವರು ಗದ್ದಲ ಮಾಡುತ್ತಿದ್ದರು, ಕೆಲವರು ತೂಕಡಿಸುತ್ತಿದ್ದರು, ಒಬ್ಬಿಬ್ಬರು ಪಾಠವನ್ನೂ ಕೇಳುತ್ತಿದ್ದರು. ಲೋಕ ಇರುವುದೇ ಹೀಗೆ ಎಂದು ನಾನು ನಂಬಿಕೊಂಡಿದ್ದೆ.

ನಾನು ಚನಮಲ್ಲಪ್ಪ, ರನ್ನ ಬೆಳಗಲಿಯವನು. ಜಮಖಂಡಿಯ ಒಂದು ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಅಂಥ ಶಾಲೆಯಲ್ಲಿ ಕನ್ನಡ ಮಾಸ್ತರನ ಸ್ಥಾನ ಮದುವೆ ಮನೆಗೆ ಬಂದ ದೂರದ ನೆಂಟನದು. ಊಟಕ್ಕೆ ಕರೆಯುತ್ತಾರೆ, ಮಾತುಕತೆಗೆ ಕರೆಯುವುದಿಲ್ಲ. ಹಾಗಾಗಿ ಮೂಲೆಯಲ್ಲಿ ಕೂತು ಎಲ್ಲವನ್ನೂ ನೋಡುವ ಭಾಗ್ಯ ನನಗೆ ತಾನಾಗಿಯೇ ಸಿಕ್ಕಿದೆ.

ನಮ್ಮ ಚೇರಮನ್ನರು ಈಶ್ವರಪ್ಪನವರು. ಬೆಲ್ಲದ ವ್ಯಾಪಾರದ ದೊಡ್ಡ ಕುಳ. ಬೆಳಗಾವಿಯಲ್ಲಿ ತಮ್ಮ ಬೀಗರ ಮೊಮ್ಮಗ ಓದುವ ಶಾಲೆಗೆ ಹೋದಾಗ ಅಲ್ಲಿ ಮಕ್ಕಳ ಮನಸ್ಸು ನೋಡುವ ಕೋಣೆ ಒಂದಿರುವುದನ್ನು ಕಂಡು ಬಂದರು. ಬಂದವರೇ, "ನಮ್ಮಲ್ಲೂ ಒಂದ ಇರಲಿ" ಎಂದರು. ಹಾರ್ಮೋನಿಯಂ ಇಡುತ್ತಿದ್ದ ಹಿಂದಿನ ಕೋಣೆಯನ್ನು ತೆರವು ಮಾಡಿಸಿ, ನೀಲಿ ಪರದೆ ಕಟ್ಟಿಸಿ, ಮೆತ್ತನೆಯ ಸೋಫಾ ಹಾಕಿಸಿ, ಬಾಗಿಲಿಗೆ "ಕೌನ್ಸೆಲಿಂಗ್" ಎಂದು ಹಲಗೆ ಹೊಡೆಸಿದರು. ಶಾಲೆಯಲ್ಲಿ ಅದಕ್ಕಿಂತ ಶಾಂತವಾದ ಕೋಣೆ ಇನ್ನೊಂದಿರಲಿಲ್ಲ. ಕೋಣೆಗೆ ಒಬ್ಬರು ಬೇಕಲ್ಲ, ರಾಜೇಶ್ವರಿ ಬಂದಳು.

ರಾಜೇಶ್ವರಿ ಲೋಕಾಪುರದ ಹುಡುಗಿ. ಧಾರವಾಡದಲ್ಲಿ ಮನಃಶಾಸ್ತ್ರ ಓದಿದವಳು. ದಿನಾ ಮುಂಜಾನೆ ಬಸ್ಸಿಗೆ ಜೋತುಬಿದ್ದು ಬಂದು, ಎಲ್ಲರಿಗಿಂತ ಮೊದಲು ಬಾಗಿಲು ತೆಗೆಯುತ್ತಿದ್ದಳು. ಕೆಲಸಗಳ್ಳಿಯಾಗಿದ್ದರೆ ಯಾವ ತೊಂದರೆಯೂ ಇರುತ್ತಿರಲಿಲ್ಲ. ಮೈಮುರಿದು ದುಡಿಯುವವಳು, ಅಲ್ಲಿಂದಲೇ ನಮ್ಮ ಪೀಡೆ ಶುರುವಾಯಿತು.

ಶ್ರಾವಣ ಬರುವಷ್ಟರಲ್ಲಿ ಪ್ರತಿ ತರಗತಿಯಲ್ಲೂ ಹೆಸರಿಟ್ಟ ರೋಗಗಳು ಕಾಣಿಸಿಕೊಂಡವು. ಮಾತಿಗೆ ಮಾತು ಕೊಡುವ ಹುಡುಗನಿಗೆ ಒಂದು. ನಮ್ಮ ಕಾಲದಲ್ಲಿ ಅಂಥವನನ್ನು ವಕೀಲನಾಗುತ್ತಾನೆ ಎಂದು ಬಿಡುತ್ತಿದ್ದರು. ಡಬ್ಬಿಯ ಶೇಂಗಾ ಹೋಳಿಗೆ ಯಾರಿಗೂ ಕೊಡದ ಹುಡುಗಿಗೆ ಇನ್ನೊಂದು. ಆ ಹೋಳಿಗೆಯನ್ನು ನಾನು ಒಮ್ಮೆ ತಿಂದು ನೋಡಿದ್ದೇನೆ, ನಾನಾದರೂ ಕೊಡುತ್ತಿರಲಿಲ್ಲ. ಕಿಟಕಿಯ ಹೊರಗೆ ನೋಡುವವನಿಗೆ ಮತ್ತೊಂದು. ಎಲ್ಲವೂ ಇಂಗ್ಲಿಷಿನ ಮೂರು, ನಾಲ್ಕು ಅಕ್ಷರದ ಹೆಸರುಗಳು. ಪಾಲಕರು ಮೊದಮೊದಲು ಅತ್ತರು. ಆಮೇಲೆ ಗೇಟಿನ ಹತ್ತಿರ ನಿಂತು, "ನಿಮ್ಮವಗ ಒಂದ ಏನ್ರಿ? ನಮ್ಮವಗ ಎರಡ ಅದಾವಂತ" ಎಂದು ಜಂಬದಿಂದ ಹೇಳಿಕೊಳ್ಳುವ ಮಟ್ಟಕ್ಕೆ ಬಂದರು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರಲ್ಲ, ಆ ನೀಲಿ ಪರದೆಯ ಹಿಂದಿನಿಂದ ನೋಡಿದರೆ ಇಡೀ ಶಾಲೆಯೇ ಹಳದಿಯಾಗಿ ಕಾಣುತ್ತಿತ್ತು.

ಹೆಸರಿಲ್ಲದೆ ಉಳಿದವರೆಂದರೆ ಸುಮ್ಮನೆ ಕೂರುವವರು. ನನ್ನ ಮೂರನೆಯ ತರಗತಿಯಲ್ಲಿ ನಂದಾ ಎಂಬ ಹುಡುಗಿ ಇದ್ದಳು. ಕೊನೆಯ ಬೆಂಚಿನಲ್ಲಿ ಕೈಕಟ್ಟಿ ಕೂತರೆ ಗಂಟೆ ಬಾರಿಸುವವರೆಗೂ ಉಸಿರೆತ್ತುತ್ತಿರಲಿಲ್ಲ. ಪಕ್ಕದವಳನ್ನು ನೋಡಿಕೊಂಡು ಚೊಕ್ಕಟವಾಗಿ ಬರೆಯುತ್ತಿದ್ದಳು. ಬಂಗಾರದಂಥ ಹುಡುಗಿ ಎಂದು ಎಲ್ಲ ಶಿಕ್ಷಕರೂ ಹೇಳುತ್ತಿದ್ದೆವು.

ಅದೇ ತರಗತಿಯಲ್ಲಿ ಬಂಗಾರವಲ್ಲದ ಇನ್ನೊಬ್ಬಳಿದ್ದಳು. ಅವಳು ಸೌಂದರ್ಯಾ, ಬನಹಟ್ಟಿಯ ನೇಕಾರರ ಮಗಳು. ಈ ವರ್ಷವೇ ನಮ್ಮಲ್ಲಿಗೆ ಸೇರಿ, ಶಾಲೆಯ ವ್ಯಾನಿನಲ್ಲಿ ಬಂದುಹೋಗುತ್ತಿದ್ದಳು. ನಮ್ಮ ಶಾಲೆಯಲ್ಲಿ ಮಗ್ಗದ ಮನೆಯವಳು ಅವಳೊಬ್ಬಳೇ. ಹೆಸರು ಹಿಡಿದು ಕೂಗಿದರೆ ತಿರುಗುವುದಿಲ್ಲ. ಭುಜ ಮುಟ್ಟಿದರೆ ತಟ್ಟನೆ ತಿರುಗುತ್ತಾಳೆ. ಪಕ್ಕದಲ್ಲಿ ನಿಂತವರೊಡನೆ ಹೊಲದ ಆಚೆ ಬದಿಯಲ್ಲಿದ್ದವರನ್ನು ಕರೆದ ಹಾಗೆ ಮಾತಾಡುತ್ತಾಳೆ. ಮಾತಿಗಿಂತ ಮೊದಲು ಕೈ ಆಡುತ್ತದೆ. ಇದನ್ನೆಲ್ಲ ಸಹಿಸಬಹುದಿತ್ತು. ಆದರೆ ತರಗತಿ ಶಾಂತವಾಯಿತು, ಎಲ್ಲರೂ ತಲೆ ತಗ್ಗಿಸಿ ಬರೆಯತೊಡಗಿದರು ಎನ್ನುವಾಗ ಈ ಹುಡುಗಿ ಎದ್ದು ನಿಲ್ಲುತ್ತಿದ್ದಳು. ಎದ್ದವಳು ಬೆಂಚುಗಳ ನಡುವೆ ನಡೆದು, ಒಬ್ಬೊಬ್ಬರ ಕೈಯನ್ನೇ ನೋಡುತ್ತ ಒಂದು ಸುತ್ತು ಬಂದು, ಆಮೇಲೆ ಕೂರುತ್ತಿದ್ದಳು.

"ಯಾಕ ಎದ್ದೆಬೇ?" ಎಂದರೆ, "ಗೊತ್ತಿಲ್ರೀ ಸರ್!" ಎಂದು ಗೋಡೆ ಅದುರುವಂತೆ ಹೇಳುವಳು. ಸುಳ್ಳಲ್ಲ, ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಸ್ವಾತಂತ್ರ್ಯ ದಿನಕ್ಕೆಂದು ಬ್ಯಾಂಡಿನ ಹುಡುಗರು ಕಿಟಕಿಯ ಹೊರಗೇ ಡೋಲು ಬಡಿದ ವಾರ, ಉಳಿದ ಮಕ್ಕಳು ಒಂದು ಸಾಲನ್ನೂ ನೆಟ್ಟಗೆ ಬರೆಯಲಿಲ್ಲ. ಸೌಂದರ್ಯಾ ಮಾತ್ರ ಕಲ್ಲಿನ ಹಾಗೆ ಕೂತು ಇಡೀ ಪಾಠವನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದು ಮುಗಿಸಿದ್ದಳು. ನನಗೆ ಆಗ ಆಶ್ಚರ್ಯವಾಯಿತು, ಅಷ್ಟೇ. ಆಶ್ಚರ್ಯಪಡುವುದಕ್ಕೆ ಸಂಬಳ ಕೊಡುವುದಿಲ್ಲವಾದ್ದರಿಂದ ಮರೆತುಬಿಟ್ಟೆ.

ರಾಜೇಶ್ವರಿ ಅವಳನ್ನು ನೀಲಿ ಪರದೆಯ ಕೋಣೆಗೆ ಕರೆಸಿದಳು. ಫ್ಯಾನನ್ನೂ ಆರಿಸಿ, ಬಾಗಿಲು ಹಾಕಿ, ಎದುರು ಕೂರಿಸಿಕೊಂಡಳು. ಹುಡುಗಿ ಎದ್ದಳು, ಕೂತಳು, ಮತ್ತೆ ಎದ್ದಳು, ಪರದೆ ಸರಿಸಿ ಹೊರಗೆ ಇಣುಕಿದಳು, ಸೋಫಾದ ಕೆಳಗೂ ನೋಡಿದಳು. ವರದಿ ಬಂತು. ಗಮನದ ಕೊರತೆ, ಅತಿ ಚಟುವಟಿಕೆ, ಬೆಳಗಾವಿಯ ವೈದ್ಯರಿಗೆ ತೋರಿಸಿ ಔಷಧಿ ಶುರುಮಾಡುವುದು ಒಳ್ಳೆಯದು.

ತಂದೆ ಸೋಮಲಿಂಗ, ತಾಯಿ ಶೇವಂತಿ ಇಬ್ಬರನ್ನೂ ಕರೆಸಿದರು. ಶೇವಂತಿ ತನ್ನ ಮದುವೆಯ ಇಳಕಲ್ಲ ಸೀರೆ ಉಟ್ಟು ಬಂದಿದ್ದಳು. ಮಗಳಿಗೆ ಬಹುಮಾನ ಬಂದಿರಬೇಕೆಂದು ಅಂದುಕೊಂಡಿದ್ದಳಂತೆ. ವಿಷಯ ಕೇಳಿ ಮುಖ ಸಣ್ಣದಾಯಿತು, ದನಿ ಮಾತ್ರ ಆಗಲಿಲ್ಲ.

"ನನ್ನ ಮಗಳು ಹುಚ್ಚಿ ಅಲ್ರಿ!" ಎಂದಳು.

ಈಶ್ವರಪ್ಪನವರು ಕಿವಿ ಮುಚ್ಚಿಕೊಂಡು, "ತಂಗಿ, ಸಾವಕಾಶ ಮಾತಾಡವಾ. ನಾವೇನು ಕಿವುಡರಲ್ಲ" ಎಂದರು.

"ನಾ ಸಾವಕಾಶನ ಮಾತಾಡಾಕತ್ತೇನ್ರಿ ಯಜಮಾನ್ರ!" ಎಂದಳು ಶೇವಂತಿ, ಅಷ್ಟೇ ಜೋರಾಗಿ.

ನಾನು ನಕ್ಕೆ. ನಗುವ ಹೊತ್ತಲ್ಲವೆಂದು ಸೋಮಲಿಂಗನ ಮುಖ ನೋಡಿ ತಿಳಿಯಿತು. ಮಗಳನ್ನು ಈ ಶಾಲೆಗೆ ಸೇರಿಸಬೇಕೆಂದು ಹಟ ಹಿಡಿದವಳು ಶೇವಂತಿ. ಈಗ ಹುಡುಗಿಗೆ ಗುಳಿಗೆ ಕೊಡಿಸಬೇಕು, ಇಲ್ಲವೆ ಬೇರೆ ಶಾಲೆ ನೋಡಿಕೊಳ್ಳಬೇಕು. ಅರ್ಧವಾರ್ಷಿಕ ಪರೀಕ್ಷೆ ಮುಗಿಯುವುದರೊಳಗೆ ತೀರ್ಮಾನವಾಗಲಿ ಎಂದು ಈಶ್ವರಪ್ಪನವರು ಹೇಳಿ ಕೈತೊಳೆದುಕೊಂಡರು. ಹೊರಗೆ ಬಂದ ಶೇವಂತಿ ಬೇವಿನ ಗಿಡದ ಕೆಳಗೆ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಗಳು ಅವಳ ಭುಜ ಮುಟ್ಟಿ ಕೈಯಿಂದಲೇ ಏನೋ ಕೇಳಿದಳು. ತಾಯಿಯೂ ಕೈಯಿಂದಲೇ ಏನೋ ಹೇಳಿದಳು. ಸೋಮಲಿಂಗನ ಹಿಂದೆ ಇಬ್ಬರೂ ವ್ಯಾನಿನ ಕಡೆ ನಡೆದರು.

ನನ್ನ ಸಿಟ್ಟು ನೆತ್ತಿಗೇರಿತು. ಶಿಕ್ಷಕರ ಕೋಣೆಯಲ್ಲಿ ರಾಜೇಶ್ವರಿ ಒಬ್ಬಳೇ ಚಹಾ ಕುಡಿಯುತ್ತಿದ್ದಳು. ಅವಳಿಗೆ ಕೇಳಲೆಂದೇ, ಗೋಡೆಗೆ ಹೇಳುವವನ ಹಾಗೆ, "ಕೆಲಸವಿಲ್ಲದ ಬಡಿಗ್ಯಾ ಮಗನ ಕುಂಡಿ ಕೆತ್ತಿದ್ದನಂತ" ಎಂದೆ.

ಅವಳು ಚಹಾದ ಲೋಟ ಕೆಳಗಿಟ್ಟಳು. ಅಳುತ್ತಾಳೆ, ಇಲ್ಲವೇ ಜಗಳಕ್ಕೆ ಬರುತ್ತಾಳೆ ಎಂದು ನಾನು ಎರಡಕ್ಕೂ ಸಿದ್ಧನಾದೆ. ಅವಳು ಎರಡನ್ನೂ ಮಾಡಲಿಲ್ಲ.

"ಸರ್, ನನಗೂ ಒಂದು ತಲ್ಯಾಗ ಕೂಡವಲ್ದು" ಎಂದಳು. "ಈ ತೊಂದರೆ ಖರೇನ ಇದ್ರ ಸಾಲ್ಯಾಗೂ ಇರಬೇಕು, ಮನ್ಯಾಗೂ ಇರಬೇಕು. ವರದಿ ಬರಿಯೂ ಮೊದಲ ಅವರಪ್ಪಗ ಫೋನ್ ಮಾಡಿ ಕೇಳಿದ್ರ ಮನ್ಯಾಗ ಏನೂ ತ್ರಾಸಿಲ್ರಿ ಅಂದ್ರು. ತಂದಿ ತಾಯಿ ಮುಚ್ಚಿಡತಾರ ಅಂತ ನಾ ಬರದ ಬಿಟ್ಟೆ. ಖರೇನ ಹೇಳಿದ್ರ ಏನ ಮಾಡೂದು? ನಾ ಅಕಿ ಮನಿಗೆ ಹೋಗಿ ನೋಡಬೇಕು. ನೀವೂ ಬರ್ರಿ."

ಬೈದವನನ್ನೇ ಜೊತೆಗೆ ಕರೆಯುವವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಶನಿವಾರ ಅರ್ಧ ದಿನದ ಶಾಲೆ ಬಿಟ್ಟ ಮೇಲೆ ಮಕ್ಕಳ ವ್ಯಾನಿನಲ್ಲಿ ನಾವೂ ಬನಹಟ್ಟಿಗೆ ಹೋದೆವು. ಸೌಂದರ್ಯಾಳ ಓಣಿಯ ಬಾಯಿಗೆ ಬರುತ್ತಲೇ ಸದ್ದು ಕೇಳಿಸಿತು. ಪ್ರತಿ ಮನೆಯ ಒಳಗಿಂದಲೂ ಖಟಾಖಟ್, ಖಟಾಖಟ್. ನೆಲ ಸಣ್ಣಗೆ ನಡುಗುತ್ತಿತ್ತು. ರಾಜೇಶ್ವರಿ ನನಗೇನೋ ಹೇಳಿದಳು, ಕೇಳಿಸಲಿಲ್ಲ. ನಾನು ಏನೋ ಉತ್ತರ ಕೊಟ್ಟೆ, ಅದು ನನಗೇ ಕೇಳಿಸಲಿಲ್ಲ.

ಮುಂದೆ ಮನೆ, ಹಿಂದೆ ಮಗ್ಗದ ಶೆಡ್ಡು. ಅಲ್ಲಿ ನಾಲ್ಕು ಪಾವರ್‌ಲೂಮು ಓಡುತ್ತಿದ್ದವು. ಸೋಮಲಿಂಗ ಎರಡನ್ನು, ಶೇವಂತಿ ಎರಡನ್ನು ನೋಡಿಕೊಳ್ಳುತ್ತಿದ್ದರು. ಸೋಮಲಿಂಗನ ತಾಯಿ ತಂಗೆವ್ವ ಗೋಡೆಗೊರಗಿ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ನಮ್ಮನ್ನು ಕಂಡು ಯಾರೂ ಯಾರನ್ನೂ ಕೂಗಲಿಲ್ಲ. ತಂಗೆವ್ವ ಸೊಸೆಯ ಕಡೆ ಎರಡು ಬೆರಳೆತ್ತಿ, ಹೆಬ್ಬೆರಳನ್ನು ತುಟಿಗೆ ಒಯ್ದು ತೋರಿಸಿದಳು. ಸ್ವಲ್ಪ ಹೊತ್ತಿಗೆ ನಮಗೆ ಎರಡು ಲೋಟ ಚಹಾ ಬಂತು.

ರಾಜೇಶ್ವರಿ ತನ್ನ ಪ್ರಶ್ನೆಗಳನ್ನು ತಂಗೆವ್ವನ ಕಿವಿಯ ಹತ್ತಿರ ಬಾಗಿ ಕೇಳತೊಡಗಿದಳು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ, ಕಡೆಗೆ ಕೈ ಬೀಸುತ್ತ, ಕತ್ತಿನ ನರ ಉಬ್ಬಿಸಿಕೊಂಡು.

"ಅಜ್ಜೀ! ಕರೆದ್ರ ತಿರಗತಾಳೇನು?"

"ಯಾರ ತಿರಗತಾರ ಅಕ್ಕಾರ? ನನ್ನ ಗಂಡ ಸಾಯೂತನಕ ನನ್ನ ಹೆಸರ ಹಿಡದ ಕರದಿಲ್ಲ, ಹೆಗಲ ಮುಟ್ಟತಿದ್ದ!"

"ಕೂತಲ್ಲೆ ಕೂಡತಾಳೇನು?"

"ಕೂತರ ಮಗ್ಗ ಯಾರ ನೋಡತಾರ? ಇವರಪ್ಪ ಕೂತಾನೇನು? ಅವರಪ್ಪ ಕೂತಿದ್ದನೇನು?"

"ಜೋರ ಮಾತಾಡತಾಳ, ಅಲ್ಲ?"

ತಂಗೆವ್ವ ಅವಳನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮಷ್ಟಿಲ್ಲ ಬಿಡ್ರಿ ಅಕ್ಕಾರ!" ಎಂದಳು.

ರಾಜೇಶ್ವರಿ ಬಾಯಿ ಮುಚ್ಚಿದಳು. ನನಗೆ ನಗು ತಡೆಯಲಾಗಲಿಲ್ಲ, ಆ ಸದ್ದಿನಲ್ಲಿ ಎಷ್ಟು ನಕ್ಕರೂ ಕೇಳುವವರಿಲ್ಲ ಎಂಬುದು ಒಂದು ಸುಖ.

ಅಷ್ಟರಲ್ಲಿ ಸೌಂದರ್ಯಾ ಎರಡು ಮಗ್ಗಗಳ ನಡುವೆ ಗೋಣಿ ಹಾಸಿಕೊಂಡು ಕೂತು ಶಾಲೆಯ ಕೆಲಸ ಶುರುಮಾಡಿದ್ದಳು. ಒಂದು ಕೈಯಳತೆ ಆಚೆ ಲಾಳಿ ಹಾರುತ್ತಿತ್ತು. ಹುಡುಗಿ ತಲೆ ಎತ್ತಲಿಲ್ಲ. ಲೆಕ್ಕ ಮುಗಿಸಿದಳು, ಕನ್ನಡ ಬರೆದಳು, ಇಂಗ್ಲಿಷ್ ಪದ್ಯವನ್ನು ತುಟಿಯಲ್ಲೇ ಬಾಯಿಪಾಠ ಮಾಡಿದಳು. ನೀಲಿ ಪರದೆಯ ಕೋಣೆಯಲ್ಲಿ ಒಂದು ನಿಮಿಷ ಕೂರಲಾರದವಳು ಎಂದು ವರದಿ ಬರೆಸಿಕೊಂಡವಳು ಅವಳೇ. ರಾಜೇಶ್ವರಿ ಚಹಾ ಮರೆತು ಅವಳನ್ನೇ ನೋಡುತ್ತಿದ್ದಳು. ಲೋಟದಲ್ಲಿ ಕೆನೆ ಕಟ್ಟಿತು.

ಆಗ ಕರೆಂಟ್ ಹೋಯಿತು.

ನಾಲ್ಕೂ ಮಗ್ಗಗಳು ಒಮ್ಮೆಲೇ ನಿಂತವು, ಇಡೀ ಓಣಿಯೇ ನಿಂತಿತು. ಅಂಥ ಮೌನವನ್ನು ನಾನು ಮಸಣದಲ್ಲೂ ಕಂಡಿಲ್ಲ. ಸೌಂದರ್ಯಾ ತಟ್ಟನೆ ತಲೆಯೆತ್ತಿ ಎದ್ದು ನಿಂತಳು. ಮಗ್ಗಗಳ ನಡುವೆ ನಡೆಯುತ್ತ ಒಂದೊಂದನ್ನೂ ನೋಡುತ್ತ ಸುತ್ತು ಬಂದಳು. ಅವಳೊಬ್ಬಳೇ ಅಲ್ಲ, ಮಂಡಿ ನೋವೆಂದು ಆಗ ತಾನೇ ನರಳಿದ ತಂಗೆವ್ವ ಎದ್ದು ನಿಂತಿದ್ದಳು. ಸೋಮಲಿಂಗ ಎಳೆಗಳ ಮೇಲೆ ಬಗ್ಗಿದ್ದ. ಒಲೆಯ ಮುಂದಿದ್ದ ಶೇವಂತಿ ಲಟ್ಟಣಿಗೆ ಹಿಡಿದುಕೊಂಡೇ ಓಡಿ ಬಂದಳು. ಹೊರಗೆ ನೋಡಿದರೆ ಓಣಿಗೆ ಓಣಿಯೇ ಬಾಗಿಲಿಗೆ ಬಂದಿತ್ತು. ಎದುರು ಮನೆಯ ಕರೆಪ್ಪ ಅರ್ಧ ಗಡ್ಡ ಬೋಳಿಸಿಕೊಂಡು, ಇನ್ನರ್ಧಕ್ಕೆ ಸಾಬೂನಿನ ನೊರೆ ಹಚ್ಚಿಕೊಂಡೇ ಬೀದಿಯಲ್ಲಿ ನಿಂತಿದ್ದ. ತೊಟ್ಟಿಲಲ್ಲಿ ಆವರೆಗೆ ಸುಖವಾಗಿ ಮಲಗಿದ್ದ ಯಾರದೋ ಕೂಸು ಮೌನಕ್ಕೆ ಬೆಚ್ಚಿ ಚಿಟ್ಟನೆ ಚೀರಿತು.

"ಏನಾತು?" ಎಂದಳು ರಾಜೇಶ್ವರಿ. ಅವಳೂ ಎದ್ದು ನಿಂತಿದ್ದಳು.

"ಏನಿಲ್ರಿ ಅಕ್ಕಾರ, ಕರೆಂಟ ಹೋತು" ಎಂದಳು ತಂಗೆವ್ವ. "ಸದ್ದ ನಿಂತರ ನಮಗ ಜೀವ ಹಾರತೈತಿ. ಎಳಿ ಹರೀತೋ, ಲಾಳಿ ಸಿಕ್ಕೊಂತೋ, ಯಾರದರ ಕೈ ಸಿಕ್ಕೊಂತೋ! ಸದ್ದ ಇದ್ರ ಎಲ್ಲಾ ಛಲೋ ಐತಿ ಅಂತ ಅರ್ಥ."

ಮಾತಾಡುತ್ತ ಅವಳು ಓಣಿಯ ಕಡೆ ಎರಡೂ ಮುಷ್ಟಿ ಜೋಡಿಸಿ ಪಟ್ಟನೆ ಅಗಲಿಸಿ ತೋರಿಸಿ, ಪ್ರಶ್ನೆ ಕೇಳುವಂತೆ ಹುಬ್ಬೇರಿಸಿದಳು. ಎಳೆ ಹರಿಯಿತೇ ಎಂದು ಅದರ ಅರ್ಥ. ಕರೆಪ್ಪ ಇಲ್ಲವೆಂದು ತಲೆಯಾಡಿಸಿದ. ಸ್ವಲ್ಪ ಹೊತ್ತಿಗೆ ಕರೆಂಟ್ ಬಂತು. ಸೋಮಲಿಂಗ ಮಗ್ಗ ಚಾಲೂ ಮಾಡಿ, ಮಗಳ ಕಡೆ ತಿರುಗಿ, ಬಿಡಿಸಿದ ಅಂಗೈಯನ್ನು ಮಣಿಕಟ್ಟಿನಲ್ಲಿ ಗರಗರ ತಿರುಗಿಸಿ ತೋರಿಸಿದ. ನಡೆದಿದೆ, ಚಿಂತೆಯಿಲ್ಲ ಎಂದು. ಹುಡುಗಿ ಗೋಣಿಯ ಮೇಲೆ ಕೂತು ಮತ್ತೆ ಬರೆಯತೊಡಗಿದಳು.

"ಓಣಿಗೆಲ್ಲಾ ಒಂದ ವರದಿ ಬರೀರಿ. ಮುಗಿದ ಹೋಗಲಿ" ಎಂದೆ ನಾನು, ಹಿಂದಿರುಗುವ ಬಸ್ಸಿನಲ್ಲಿ.

ರಾಜೇಶ್ವರಿ ನಕ್ಕಳು. ಆಮೇಲೆ ಕಿಟಕಿಯ ಕಡೆ ತಿರುಗಿದಳು. ಕಬ್ಬಿನ ಹೊಲಗಳು ಸರಿದು ಹೋಗುತ್ತಿದ್ದವು.

"ಇಡೀ ಸಾಲ್ಯಾಗ ಶಾಂತ ಖೋಲಿ ಯಾವ್ದು ಅಂತ ಹುಡುಕಿ ಅಲ್ಲೆ ಅಕಿನ್ನ ಕೂಡ್ರಿಸಿದ್ದೆ ಸರ್" ಎಂದಳು ಕಡೆಗೆ. "ಫ್ಯಾನ್ ಸುದ್ದಾ ಆರಿಸಿದ್ದೆ. ಆ ಕೂಸು ಎಷ್ಟ ಹೆದರಿರಬೇಕು."

ಅವಳ ಕಣ್ಣು ತುಂಬಿತ್ತು. ನನಗೆ ರಾಜೇಶ್ವರಿಯ ಮೇಲೆ ಅಭಿಮಾನ ಹುಟ್ಟಿದ್ದು ಆ ಗಳಿಗೆಯಲ್ಲಿ. ಅದು ಇಮ್ಮಡಿಯಾದದ್ದು ಸೋಮವಾರ.

ಸೋಮವಾರ ಅವಳು ನೇರವಾಗಿ ಈಶ್ವರಪ್ಪನವರ ಮುಂದೆ ಹೋಗಿ, "ಸೌಂದರ್ಯಾಂದು ವರದಿ ತಪ್ಪೈತ್ರಿ. ನಾ ವಾಪಸ್ ತಗೋತೇನಿ" ಎಂದಳು. ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿರಲಿಲ್ಲ. ನಾನು ಬಾಗಿಲ ಹತ್ತಿರವೇ ಇದ್ದೆ. ಹಾಜರಿ ತೋರಿಸುವ ನೆವ.

ಈಶ್ವರಪ್ಪನವರು ಕುರ್ಚಿಯಲ್ಲಿ ಹಿಂದೆ ಮುಂದೆ ತೂಗಿದರು. "ಹಂಗಂದ್ರ ಉಳಿದಾವು? ಅವೂ ತಪ್ಪೇನು?"

"ಕೆಲವು ಇರಬಹುದ್ರಿ. ಎಲ್ಲಾನೂ ಮತ್ತ ನೋಡತೇನಿ."

"ಮಂದಿ ಮುಂದ ನನ್ನ ಮರ್ಯಾದಿ ಏನಾಗಬೇಕವಾ? ಊರಾಗೆಲ್ಲಾ ಹೇಳೇನಿ, ನಮ್ಮ ಸಾಲ್ಯಾಗ ಇಷ್ಟ ಮಕ್ಕಳನ್ನ ಕಂಡ ಹಿಡದಾರ ಅಂತ!"

"ಇಬ್ಬರು ಹುಡುಗರಿಗೆ ಖರೇನ ತೊಂದರಿ ಐತ್ರಿ ಸರ್. ಅವರು ಎಷ್ಟ ಕಷ್ಟಪಡತಾರ ಅಂತ ನಾ ದಿನಾ ನೋಡತೇನಿ. ಅವರಿಗೆ ಡಾಕ್ಟರು ಬೇಕು, ನಾನೂ ಬೇಕು. ಎಲ್ಲರಿಗೂ ಅದ ಹೆಸರ ಹಚ್ಚಿದ್ರ ಆ ಇಬ್ಬರು ಗದ್ದಲದಾಗ ಕಳದ ಹೋಗತಾರ. ಅದ ನನ್ನ ಮರ್ಯಾದಿ ಪ್ರಶ್ನೆ."

ನಾನು ನಲವತ್ತು ವಯಸ್ಸು ದಾಟಿದ ಮೇಲೆ ಯಾರಿಗೂ ಮನಸ್ಸಿನಲ್ಲಿ ಕೈಮುಗಿದಿರಲಿಲ್ಲ. ಅವತ್ತು ಮುಗಿದೆ.

ಈಶ್ವರಪ್ಪನವರು ಕೆಟ್ಟವರಲ್ಲ, ಸೋಲುವುದು ಅಭ್ಯಾಸವಿಲ್ಲದವರು. "ಆತು" ಎಂದರು. "ಅರ್ಧವಾರ್ಷಿಕ ಪರೀಕ್ಷಾದಾಗ ನಾನ ಬಂದ ನಿಂತ ನೋಡತೇನಿ. ಆ ಹುಡುಗಿ ಕೂತಲ್ಲೆ ಕೂತ ಬರದ್ರ ಸಾಲ್ಯಾಗ ಇರಲಿ. ಒಂದ ಸಲ ಎದ್ದ ತಿರಗಾಡಿದ್ಲಂದ್ರ ಟೀಸಿ."

ಅಂದಿನಿಂದ ನೀಲಿ ಪರದೆಯ ಕೋಣೆಯಲ್ಲಿ ಬೇರೆಯದೇ ಕೆಲಸ ನಡೆಯಿತು. ರಾಜೇಶ್ವರಿ ಸೌಂದರ್ಯಾಳನ್ನು ಕೂರಿಸಿಕೊಂಡು ಬಾಗಿಲು ಹಾಕುತ್ತಿದ್ದಳು. ಮೌನ ಶುರುವಾಗುತ್ತಿತ್ತು. ಹುಡುಗಿಯ ತಲೆ ಮೇಲೇಳುತ್ತಲೇ ರಾಜೇಶ್ವರಿ ತನ್ನ ಅಂಗೈ ಬಿಡಿಸಿ ಗರಗರ ತಿರುಗಿಸುತ್ತಿದ್ದಳು. ನಡೆದಿದೆ. ಇಲ್ಲಿ ಸದ್ದಿಲ್ಲದೆಯೇ ನಡೆಯುತ್ತದೆ. ಹುಡುಗಿ ಅನುಮಾನದಿಂದ ನೋಡಿ, ಕಡೆಗೆ ನಂಬಿ, ಕೂರುತ್ತಿದ್ದಳು. ಮನೆಯಲ್ಲಿ ತಂಗೆವ್ವನೂ ಪಾಠ ಹೇಳಿದಳಂತೆ: "ಸಾಲ್ಯಾಗಿನ ಮಗ್ಗ ಮೂಕ ಮಗ್ಗ ಮಗಳ. ಕೈ ಓಡ್ತಿದ್ರ ನಡದೈತಿ ಅಂತ ತಿಳಕೋ." ವಾರ ಕಳೆಯುವುದರೊಳಗೆ ತರಗತಿಯ ಮಕ್ಕಳೆಲ್ಲ ಒಬ್ಬರಿಗೊಬ್ಬರು ಅಂಗೈ ತಿರುಗಿಸತೊಡಗಿದರು. ನನಗೂ ಆ ಚಾಳಿ ಹತ್ತಿತು. ಊಟ ಸಾಕೇ ಎಂದು ಕೇಳಿದ ಹೆಂಡತಿಗೆ ಅಂಗೈ ತಿರುಗಿಸಿ ಬೈಸಿಕೊಂಡೆ.

ದಸರೆ ರಜೆಗೂ ಮುಂಚೆ ಪರೀಕ್ಷೆ ಬಂತು. ಮೊದಲ ದಿನವೇ ಕನ್ನಡ. ಉಳಿದ ವಿಷಯಗಳಿಗೆ ಅಚ್ಚು ಹಾಕಿಸಿದ ಪ್ರಶ್ನೆಪತ್ರಿಕೆ, ಕನ್ನಡದ ಪ್ರಶ್ನೆಗಳನ್ನು ಮಾತ್ರ ಹಲಗೆಯ ಮೇಲೆ ಬರೆಯುವುದು ನಮ್ಮ ಶಾಲೆಯ ಪದ್ಧತಿ. ಕನ್ನಡಕ್ಕೆ ಅಷ್ಟು ಸಾಕೆಂದು ಯಾರೋ ಎಂದೋ ತೀರ್ಮಾನಿಸಿದ್ದರು. ನಾನು ದುಂಡಗೆ ಬರೆದು ಮುಗಿಸಿ, ಮಕ್ಕಳನ್ನು ಬೆಂಚಿಗೊಬ್ಬರಂತೆ ಬೇರೆ ಬೇರೆ ಕೂರಿಸಿದೆ. ಈಶ್ವರಪ್ಪನವರು ಬಾಗಿಲಲ್ಲಿ ಕೈಕಟ್ಟಿ ನಿಂತರು. ರಾಜೇಶ್ವರಿ ಕಿಟಕಿಯ ಹತ್ತಿರ ನಿಂತಳು. ಗೇಟಿನ ಹೊರಗೆ ಶೇವಂತಿ ಕೂತಿದ್ದಾಳೆಂದು ಪಹರೆಯವನು ಹೇಳಿದ್ದ. ಒಳಗೆ ಬಾ ಎಂದರೂ ಬರಲಿಲ್ಲವಂತೆ.

ಮಕ್ಕಳು ತಲೆ ತಗ್ಗಿಸಿದರು. ಮೌನ ಇಳಿಯಿತು.

ಸೌಂದರ್ಯಾಳ ತಲೆ ಮೇಲೆದ್ದಿತು. ಕಿಟಕಿಯ ಕಡೆ ನೋಡಿದಳು. ರಾಜೇಶ್ವರಿ ಅಂಗೈ ತಿರುಗಿಸಿದಳು. ಹುಡುಗಿ ಬರೆಯತೊಡಗಿದಳು. ಸ್ವಲ್ಪ ಹೊತ್ತಿಗೆ ಮತ್ತೆ ತಲೆಯೆತ್ತಿ ನನ್ನನ್ನು ನೋಡಿದಳು. ನಾನೂ ಅಂಗೈ ತಿರುಗಿಸಿದೆ. ಈಶ್ವರಪ್ಪನವರು ಹುಬ್ಬು ಗಂಟಿಕ್ಕಿ ನಮ್ಮಿಬ್ಬರ ಕೈಗಳನ್ನೇ ನೋಡಿದರು. ಎದ್ದು ತಿರುಗಾಡಬಾರದೆಂದು ಹೇಳಿದ್ದರೇ ಹೊರತು ಕೈ ತಿರುಗಿಸಬಾರದೆಂದು ಹೇಳಿರಲಿಲ್ಲವಲ್ಲ, ಸುಮ್ಮನಿದ್ದರು. ಅರ್ಧ ವೇಳೆ ಹಾಗೆಯೇ ಕಳೆಯಿತು. ಗೆದ್ದೆವು ಎಂದುಕೊಂಡೆ.

ಮತ್ತೊಮ್ಮೆ ಅವಳ ತಲೆ ಮೇಲೆದ್ದಿತು. ಈ ಸಲ ಕಿಟಕಿಯ ಕಡೆ ನೋಡಲಿಲ್ಲ. ಕೂತಲ್ಲೇ ಹಿಂದಕ್ಕೆ ತಿರುಗಿ ಸಾಲಾಗಿ ಎಲ್ಲರ ಕೈಗಳನ್ನು ನೋಡುತ್ತ ಹೋದಳು, ಅವಳ ಕಣ್ಣು ಒಂದು ಕಡೆ ನಿಂತಿತು. ರಾಜೇಶ್ವರಿ ಅಂಗೈ ತಿರುಗಿಸಿದಳು, ನಾನು ಎರಡೂ ಅಂಗೈ ತಿರುಗಿಸಿದೆ. ಹುಡುಗಿ ನನ್ನನ್ನೂ ನೋಡಿದಳು, ಬಾಗಿಲಲ್ಲಿದ್ದ ಈಶ್ವರಪ್ಪನವರನ್ನೂ ನೋಡಿದಳು. ಎದ್ದರೆ ಏನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಗೊತ್ತಿದ್ದೂ ಎದ್ದಳು. ಎದ್ದು, ಬೆಂಚುಗಳ ನಡುವೆ ನಡೆದು, ಕೊನೆಯ ಬೆಂಚಿಗೆ ಹೋಗಿ ನಂದಾಳ ಭುಜ ಮುಟ್ಟಿದಳು.

"ಎದ್ದಳಲ್ಲಾ!" ಎಂದರು ಈಶ್ವರಪ್ಪನವರು, ಒಳಗೆ ಬರುತ್ತ.

ಸೌಂದರ್ಯಾ ಎರಡೂ ಮುಷ್ಟಿ ಜೋಡಿಸಿ, ಪಟ್ಟನೆ ಅಗಲಿಸಿ, ಇಡೀ ಶಾಲೆಗೆ ಕೇಳುವಂತೆ ಕೂಗಿದಳು: "ಸರ್! ನಂದಾನ ಎಳಿ ಹರದೈತ್ರಿ!"

ರಾಜೇಶ್ವರಿ ಓಡಿ ಬಂದಳು. ನಂದಾಳ ಮುಂದಿದ್ದ ಹಾಳೆಯಲ್ಲಿ ಅವಳ ಹೆಸರು ಬಿಟ್ಟರೆ ಏನೂ ಇರಲಿಲ್ಲ. ಕಣ್ಣೀರು ಬಿದ್ದು ಹೆಸರೂ ಕದಡಿತ್ತು. ಪೆನ್ಸಿಲ್ ಹಿಡಿದ ಕೈ ಹಾಗೆಯೇ ಇತ್ತು. ಸದ್ದಿಲ್ಲದೆ ಅಳುವುದರಲ್ಲೂ ಆ ಹುಡುಗಿ ಬಂಗಾರದಂಥವಳೇ. ರಾಜೇಶ್ವರಿ ನೆಲಕ್ಕೆ ಕೂತು ಅವಳ ಮುಖ ಎತ್ತಿದಳು.

"ಯಾಕ ಪುಟ್ಟಿ? ಓದಿಲ್ಲೇನು?"

"ಓದೇನ್ರಿ ಮಿಸ್" ಎಂದಳು ನಂದಾ, ಕೇಳಿಸೀತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ. "ಬೋರ್ಡ ಕಾಣಸೂದಿಲ್ರಿ."

"ಯಾವಾಗಿಂದ?"

"ಯಾವಾಗ್ಲೂ ಕಾಣಸೂದಿಲ್ಲ. ಬಾಜೂದಕಿ ಪುಸ್ತಕ ನೋಡಿ ಬರೀತಿದ್ದೆ. ಇವತ್ತ ಬಾಜೂಕ ಯಾರೂ ಇಲ್ಲ."

ನಾವು ದೊಡ್ಡವರು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇಡೀ ಶಾಲೆಯ ಮಕ್ಕಳನ್ನು ಸೋಸಿ ಸೋಸಿ ರೋಗ ಹುಡುಕಿದ್ದೆವು. ಒಂದು ಚಸ್ಮಾ ಬೇಕಾಗಿದ್ದ ಹುಡುಗಿಗೆ ಒಳ್ಳೆಯವಳು ಎಂದು ಹೆಸರಿಟ್ಟು ಕೊನೆಯ ಬೆಂಚಿನಲ್ಲಿ ಕೂರಿಸಿದ್ದೆವು. ಅವಳ ಕೈ ನಿಂತದ್ದನ್ನು ಕಂಡವಳು ಗಮನದ ಕೊರತೆ ಇದೆ ಎನಿಸಿಕೊಂಡ ಹುಡುಗಿ.

ಆ ಹುಡುಗಿ ಇನ್ನೂ ಬೆಂಚುಗಳ ನಡುವೆಯೇ ನಿಂತಿದ್ದಳು. ಈಗ ಅವಳಿಗೆ ತನ್ನ ನೆನಪಾಯಿತು. ಈಶ್ವರಪ್ಪನವರ ಕಡೆ ತಿರುಗಿ, ಜೀವನದಲ್ಲಿ ಮೊದಲ ಸಲ ಮೆಲ್ಲಗೆ ಮಾತಾಡಿದಳು.

"ನಾ ಎದ್ದೆ ಅಂತ ಟೀಸಿ ಕೊಡತೀರೇನ್ರಿ?"

ಈಶ್ವರಪ್ಪನವರು ಬಗ್ಗಿ ನಂದಾಳ ಹಾಳೆ, ಪೆನ್ಸಿಲ್ ತಾವೇ ಎತ್ತಿಕೊಂಡು, ಹಲಗೆಯ ಮುಂದಿನ ಬೆಂಚಿನ ಮೇಲೆ ಇಟ್ಟರು. ಆಮೇಲೆ ಸೌಂದರ್ಯಾಳ ಕಡೆ ನೋಡಿದರು. ಕಡೆಗೆ ಮೂರು ಉಂಗುರ ತೊಟ್ಟ ತಮ್ಮ ದಪ್ಪ ಕೈಯನ್ನು ಮೇಲೆತ್ತಿ, ಅಂಗೈ ಬಿಡಿಸಿ, ಅಭ್ಯಾಸವಿಲ್ಲದವರ ಹಾಗೆ ನಿಧಾನವಾಗಿ ತಿರುಗಿಸಿದರು.

ಸೌಂದರ್ಯಾ ಓಡಿ ಹೋಗಿ ತನ್ನ ಜಾಗದಲ್ಲಿ ಕೂತು ಬರೆಯತೊಡಗಿದಳು.